ರಾಜಮನೆತನದ ಹೆಂಗಸರ ಬಟ್ಟೆ ಬಗ್ಗೆ ಎಲ್ಲಿವರೆಗೆ ಬರೆಯಬಹುದು?

ರಾತ್ರಿಪಾಳಿ ಕೇಳಿದ್ದು:

ಬೆಂಗಳೂರಿನ ಒಂದು ಕನ್ನಡ ಸುದ್ದಿತಾಣದ ಡೆಸ್ಕ್‌ನಲ್ಲಿ ನನ್ನ ಕೆಲಸ. ವಿದೇಶ, ಲೈಫ್‌ಸ್ಟೈಲ್ ಎರಡೂ ನನ್ನ ತಲೆಗೇ ಕಟ್ಟಿದ್ದಾರೆ. ಯುದ್ಧದ ಸುದ್ದಿ ಮುಗಿಸಿ ಟೀ ಕುಡಿಯುವಷ್ಟರಲ್ಲಿ ಬ್ರಿಟನ್ನಿನ ರಾಜಕುಮಾರಿ ಕೇಟ್ ಯಾವ ಕೋಟು ಹಾಕಿದ್ದರು, ಅದರ ಬೆಲೆ ರೂಪಾಯಿಯಲ್ಲಿ ಎಷ್ಟಾಯಿತು ಅಂತ ಬರೆಯಬೇಕು. ಬೇಜಾರಿಲ್ಲ. ನನಗೂ ಬಟ್ಟೆ ಅಂದ್ರೆ ಇಷ್ಟ. ಬೇರೆಯವರ ಬಟ್ಟೆ ನೋಡೋದು ಇನ್ನೂ ಇಷ್ಟ.

ತಕರಾರು ಶುರುವಾಗಿದ್ದು 2025ರ ಸೆಪ್ಟೆಂಬರ್‌ನಲ್ಲಿ. ಕೇಟ್ ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂಗೆ ಬಂದ ಫೋಟೊಗಳು ಏಜೆನ್ಸಿಯಿಂದ ಬಂದವು. ಕೂದಲಿನ ಬಣ್ಣ ಮೊದಲಿಗಿಂತ ತಿಳಿಯಾಗಿತ್ತು, ಹೊಂಬಣ್ಣ. ಅಷ್ಟೇ. ಅರ್ಧ ಗಂಟೆಯಲ್ಲಿ ಇಂಟರ್‌ನೆಟ್ ತುಂಬಾ ಒಂದೇ ಮಾತು: ಇದು ವಿಗ್ಗಾ? ನಮ್ಮ ಮೇಲಿನವರು ಬಂದು, ಅದನ್ನೇ ಪ್ರಶ್ನೆ ಮಾಡಿ ಹೆಡ್ಡಿಂಗ್ ಕೊಡು ಅಂದರು. ಹಿಂದಿನ ವರ್ಷವಷ್ಟೇ ಕೀಮೋಥೆರಪಿ ಮುಗಿಸಿದ ಹೆಂಗಸಿನ ತಲೆಗೂದಲು ನಿಜವೋ ಸುಳ್ಳೋ ಅಂತ ನಾನು ಕೇಳಲ್ಲ ಅಂದೆ. ಪಕ್ಕದವರ ಕೈಲಿ ಬರೆಸಿದರು. ಅವತ್ತು ನಮ್ಮ ತಾಣದಲ್ಲಿ ಎಲ್ಲಕ್ಕಿಂತ ಜಾಸ್ತಿ ಓದಿಸಿಕೊಂಡಿದ್ದು ಅದೇ.

ಇದಕ್ಕೂ ಮುಂಚಿನದು ಒಂದು ಇದೆ. 2024ರ ಮಾರ್ಚ್ 10ರಂದು ಬ್ರಿಟನ್ನಿನ ಅಮ್ಮಂದಿರ ದಿನಕ್ಕೆ ಅರಮನೆಯವರು ಒಂದು ಫೋಟೊ ಬಿಟ್ಟರು. ಕೇಟ್ ಮತ್ತು ಮೂರು ಮಕ್ಕಳು. ನಾವೂ ಹಾಕಿದೆವು. ರಾತ್ರಿ ಎಪಿ, ರಾಯಿಟರ್ಸ್, ಎಎಫ್‌ಪಿ, ಗೆಟ್ಟಿ, ಹೀಗೆ ನಮಗೆ ಫೋಟೊ ಕೊಡುವ ಏಜೆನ್ಸಿಗಳೆಲ್ಲ ಆ ಫೋಟೊ ತೆಗೆಯಿರಿ ಅಂತ ಸೂಚನೆ ಕಳಿಸಿದರು. ಮಗಳು ಷಾರ್ಲಟ್‌ಳ ಸ್ವೆಟರ್ ತೋಳಿನ ಅಂಚು ಕೂಡಿರಲಿಲ್ಲ, ಫೋಟೊ ತಿದ್ದಿದ್ದು ಗೊತ್ತಾಗುತ್ತಿತ್ತು. ಇದು ಸುದ್ದಿ, ಒಪ್ಪುತ್ತೇನೆ. ಅರಮನೆ ತಿದ್ದಿದ ಚಿತ್ರ ಕೊಟ್ಟರೆ ಕೇಳಲೇಬೇಕು. ಮರುದಿನ ಕೇಟ್ ತಾನೇ ತಿದ್ದಿದ್ದು ಅಂತ ಕ್ಷಮೆ ಕೇಳಿದರು. ಆದರೆ ಅಲ್ಲಿಗೆ ನಿಲ್ಲಲಿಲ್ಲ. ಕೆಲವು ದಿನ ಬಿಟ್ಟು ಅವರು ಅಂಗಡಿಯಿಂದ ಚೀಲ ಹಿಡಿದು ನಡೆದು ಬರುವ ವಿಡಿಯೊ ಬಂತು. ಜನ ಅದನ್ನು ನಿಲ್ಲಿಸಿ ನಿಲ್ಲಿಸಿ ನೋಡಿ, ಎತ್ತರ ಸರಿಯಿಲ್ಲ, ನಡಿಗೆ ಸರಿಯಿಲ್ಲ, ಇದು ಬೇರೆ ಹೆಂಗಸು ಅಂದರು. ಮಾರ್ಚ್ 22ಕ್ಕೆ ಅವರು ಒಂದು ಬೆಂಚಿನ ಮೇಲೆ ಕೂತು ನನಗೆ ಕ್ಯಾನ್ಸರ್ ಅಂತ ಹೇಳಬೇಕಾಯಿತು. ಆ ವಿಡಿಯೊದ ಕೆಳಗೂ ಜನ ಉಂಗುರ ನೋಡಿದರು, ಸ್ವೆಟರ್ ಯಾವ ಕಂಪನಿಯದು ಅಂತ ಹುಡುಕಿದರು.

ಮೇಲಿನವರ ವಾದ ಸರಳ: "ಬಟ್ಟೆ ತೋರಿಸೋದೇ ಅವರ ಕೆಲಸ, ನೋಡೋದು ನಮ್ಮ ಕೆಲಸ." ಪೂರ್ತಿ ಸುಳ್ಳು ಅಂತ ಹೇಳೋಕೂ ಆಗಲ್ಲ, ಅದೇ ಕಷ್ಟ. 2025ರ ಫೆಬ್ರುವರಿಯಲ್ಲಿ, ಕೇಟ್ ಏನು ಹಾಕಿದ್ದಾರೆ ಅನ್ನುವ ವಿವರವನ್ನು ಅರಮನೆ ಇನ್ನು ಮುಂದೆ ಕೊಡಲ್ಲ, ಗಮನ ಕೆಲಸದ ಮೇಲಿರಲಿ ಅಂತಿದ್ದಾರೆ ಎಂದು ಸುದ್ದಿಯಾಯಿತು. ಅದಕ್ಕೂ ಗಲಾಟೆಯಾಗಿ, ಅದು ರಾಜಕುಮಾರಿಯ ಸ್ವಂತ ಮಾತಲ್ಲ ಅಂತ ಅರಮನೆಯವರೇ ಹೇಳಿದರು. ಮುಚ್ಚಿದರೂ ಸುದ್ದಿ, ತೆರೆದರೂ ಸುದ್ದಿ.

ನನ್ನ ಪ್ರಶ್ನೆ ಇಷ್ಟು. ಬಟ್ಟೆಯ ಸುದ್ದಿ ಎಲ್ಲಿಗೆ ಮುಗಿದು ಆ ಹೆಂಗಸನ್ನು ಕೆದಕೋದು ಎಲ್ಲಿಂದ ಶುರುವಾಗುತ್ತೆ? ಡೆಸ್ಕ್‌ನಲ್ಲಿ ಕೂತವಳಿಗೆ ಎರಡು ನಿಮಿಷದಲ್ಲಿ ತೀರ್ಮಾನ ಮಾಡೋಕೆ ಏನಾದರೂ ದಾರಿ ಇದೆಯಾ? "ಬರೆಯಲೇಬೇಡಿ" ಅನ್ನೋ ಉತ್ತರ ದಯವಿಟ್ಟು ಬೇಡ. ಕೆಲಸ ಉಳಿಯಬೇಕು.

---

ಹ್ಯಾರೋ ಹಾಸನದವ:

ನಾನು ಇಲ್ಲೇ ಲಂಡನ್ನಿನ ಹ್ಯಾರೋದಲ್ಲಿ ಇರೋದು, ಬಂದು ಬಹಳ ವರ್ಷವಾಯಿತು. ಸೂಪರ್‌ಮಾರ್ಕೆಟ್ ಬಾಗಿಲಲ್ಲೇ ಟ್ಯಾಬ್ಲಾಯ್ಡ್ ಪತ್ರಿಕೆಗಳ ಸ್ಟ್ಯಾಂಡು. ಹಾಲು ತರೋಕೆ ಹೋದವನು ಬೇಡ ಅಂದರೂ ಓದಿಕೊಂಡೇ ಬರಬೇಕು. ಅದರಿಂದ ಹೇಳ್ತೀನಿ, ಇವರಿಗೆ ಗೆರೆ ಅಂತ ಒಂದಿಲ್ಲ. ಕೋರ್ಟು ಎಳೆದಾಗ ಮಾತ್ರ ಇರುತ್ತೆ.

2012ರ ಸೆಪ್ಟೆಂಬರ್ ನೆನಪು ಮಾಡಿಕೊಳ್ಳಿ. ಕೇಟ್ ಗಂಡ ವಿಲಿಯಂ ಜೊತೆ ಫ್ರಾನ್ಸಿನ ಹಳ್ಳಿ ಕಡೆ ಒಂದು ಬಂಗಲೆಯಲ್ಲಿ ರಜೆಯಲ್ಲಿದ್ದಾಗ ದೂರದಿಂದ ದೊಡ್ಡ ಲೆನ್ಸ್ ಹಾಕಿ ಮೇಲ್ಬಟ್ಟೆಯಿಲ್ಲದ ಫೋಟೊ ತೆಗೆದರು. ಕ್ಲೋಸರ್ ಅನ್ನುವ ಫ್ರೆಂಚ್ ಪತ್ರಿಕೆ ಛಾಪಿಸಿತು. ಆಗ ಅವರಿಬ್ಬರೂ ಮಲೇಷ್ಯಾ ಪ್ರವಾಸದಲ್ಲಿದ್ದರು, ಇಡೀ ಪ್ರಪಂಚದ ಕ್ಯಾಮೆರಾ ಎದುರು ನಗುತ್ತಾ ನಿಲ್ಲಬೇಕಿತ್ತು. ಕೇಸು ಐದು ವರ್ಷ ನಡೀತು. 2017ರಲ್ಲಿ 1 ಲಕ್ಷ ಯೂರೋ ಪರಿಹಾರ ಕೊಡಿ ಅಂತ ತೀರ್ಪು ಬಂತು. ಇಲ್ಲಿನ ಪತ್ರಿಕೆಗಳು ಆ ಫೋಟೊ ಮುಟ್ಟಲಿಲ್ಲ, ಅದನ್ನೇ ದೊಡ್ಡಸ್ತಿಕೆ ಅಂತ ಹೇಳಿಕೊಂಡವು.

ಸರಿ, ಮುಂದಿನ ವರ್ಷ ಇದೇ ಮರ್ಯಾದಸ್ಥರ ಕಥೆ ನೋಡಿ. 2013ರ ಜುಲೈ 23. ಮೊದಲ ಮಗು ಹುಟ್ಟಿ ಒಂದೇ ದಿನ. ಕೇಟ್ ತಿಳಿನೀಲಿ ಚುಕ್ಕಿ ಚುಕ್ಕಿಯ ಫ್ರಾಕು ಹಾಕಿ ಆಸ್ಪತ್ರೆ ಮೆಟ್ಟಿಲ ಮೇಲೆ ಮಗು ಎತ್ತಿಕೊಂಡು ನಿಂತರು. ಹೊಟ್ಟೆ ಇನ್ನೂ ಇಳಿದಿರಲಿಲ್ಲ. ಎಲ್ಲಿಂದ ಇಳಿಯುತ್ತೆ? ನನ್ನ ಹೆಂಡತಿಗೆ ಎರಡು ಹೆರಿಗೆ ಇಲ್ಲೇ ಆಯಿತು, ನಮ್ಮತ್ತೆ ಹಾಸನದಿಂದ ಬಂದು ಹೊಟ್ಟೆಗೆ ಬಟ್ಟೆ ಕಟ್ಟಿ ಮಲಗಿಸಿದ್ದು ನೋಡಿದ್ದೀನಿ. ಆ ಹೊಟ್ಟೆ ಮುಚ್ಚಿಕೊಳ್ಳದೆ ಕೇಟ್ ನಿಂತಿದ್ದಕ್ಕೆ ಎಷ್ಟೋ ಹೆಂಗಸರು ಖುಷಿಪಟ್ಟರು. ಆದರೆ ಅದೇ ಹೊತ್ತಿಗೆ ಓಕೆ! ಪತ್ರಿಕೆ ಮುಖಪುಟದಲ್ಲೇ ಕೇಟ್ ತೂಕ ಇಳಿಸುವುದು ಹೇಗೆ ಅನ್ನುವ ಲೇಖನ ಹಾಕಿತು. ಮಗುವಿಗೆ ಇನ್ನೂ ಹೆಸರಿಟ್ಟಿದ್ದು ಗೊತ್ತಿರಲಿಲ್ಲ! ಜನ ಉಗಿದ ಮೇಲೆ ಪತ್ರಿಕೆ ಕ್ಷಮೆ ಕೇಳಿತು.

ವಿಲಿಯಂ ತಮ್ಮ ಹ್ಯಾರಿಯ ಹೆಂಡತಿ ಮೇಗನ್ ವಿಷಯಕ್ಕೆ ಬಂದರೆ ಇನ್ನೊಂದು ಥರ. ಬಸುರಿ ಕೇಟ್ ಹೊಟ್ಟೆ ಮೇಲೆ ಕೈಯಿಟ್ಟರೆ ಎಷ್ಟು ಅಕ್ಕರೆ ಅಂತ ಬರೆದ ಪತ್ರಿಕೆಯೇ, ಮರುವರ್ಷ ಬಸುರಿ ಮೇಗನ್ ಅದನ್ನೇ ಮಾಡಿದರೆ ಇವಳಿಗೆ ಕೈ ಸುಮ್ನೆ ಇಡೋಕಾಗಲ್ವಾ ಅಂತ ಬರೆಯಿತು. ಅದೇ ಹೊಟ್ಟೆ, ಅದೇ ಕೈ. ಮೈಬಣ್ಣ ಬೇರೆ. 2017ರ ನವೆಂಬರ್‌ನಲ್ಲಿ ನಿಶ್ಚಿತಾರ್ಥದ ಫೋಟೊಗೆ ಕಾಲುಚೀಲ ಹಾಕದೆ ಬಂದಳು ಅಂತ ಒಂದು ಚರ್ಚೆ, ಮರುವರ್ಷ ಉಗುರಿಗೆ ಕಡುಬಣ್ಣ ಹಚ್ಚಿದಳು ಅಂತ ಇನ್ನೊಂದು. ನನ್ನ ಆಫೀಸಲ್ಲಿ ಇದನ್ನು ಗಂಭೀರವಾಗಿ ಮಾತಾಡಿದ ಗಂಡಸರಿದ್ದರು. ಅವರ ಉಗುರು ನೋಡಬೇಕಿತ್ತು ನೀವು.

---

ಸುಮ್ನಿರಲ್ಲ:

ಎಲ್ಲರೂ ಕಣ್ಣೀರು ಹಾಕುವ ಮುಂಚೆ ಇನ್ನೊಂದು ಕಡೆಯಿಂದ ನೋಡೋಣ.

ಈ ಮನೆತನದವರು ಬಟ್ಟೆಯನ್ನು ಸುಮ್ನೆ ಹಾಕಲ್ಲ, ಲೆಕ್ಕ ಹಾಕಿ ಹಾಕುತ್ತಾರೆ. 2016ರ ಏಪ್ರಿಲ್‌ನಲ್ಲಿ ಭಾರತಕ್ಕೆ ಬಂದಾಗ ಮುಂಬೈ ಓವಲ್ ಮೈದಾನದಲ್ಲಿ ಕೇಟ್ ಸಚಿನ್ ತೆಂಡೂಲ್ಕರ್ ಜೊತೆ ಬ್ಯಾಟು ಬೀಸಿದರಲ್ಲ, ಆಗ ಹಾಕಿದ್ದು ಅನಿತಾ ಡೋಂಗ್ರೆ ವಿನ್ಯಾಸದ ಬಟ್ಟೆ. ಭಾರತಕ್ಕೆ ಬಂದಿದ್ದೀವಿ, ಭಾರತದವರ ಬಟ್ಟೆ ಹಾಕಿದ್ದೀವಿ, ಬರೆಯಿರಿ ಅಂತಲೇ ಹಾಕಿದ್ದು. ಬರೆದರು. ಜನ ನುಗ್ಗಿ ಡೋಂಗ್ರೆ ವೆಬ್‌ಸೈಟೇ ಬಿದ್ದುಹೋಯಿತು. ಆಗ ಯಾರೂ ಅಯ್ಯೋ ಬಟ್ಟೆ ಬಗ್ಗೆ ಬರೆದರು ಅಂತ ಅಳಲಿಲ್ಲ. ಹೊಗಳಿದಾಗ ಬೇಕು, ತೆಗಳಿದಾಗ ಬೇಡ ಅಂದರೆ ಹೇಗೆ?

ದುಡ್ಡಿನ ವಿಷಯ ಬೇರೆ. ವಿಲಿಯಂ, ಕೇಟ್ ಖರ್ಚು ಬರೋದು ಡಚಿ ಆಫ್ ಕಾರ್ನ್‌ವಾಲ್ ಅನ್ನುವ ಎಸ್ಟೇಟಿನ ಆದಾಯದಿಂದ. ಶತಮಾನಗಳಿಂದ ಪಟ್ಟದ ಹಿರಿಮಗನಿಗೆ ಅಂತ ಕಟ್ಟಿಟ್ಟ ಭೂಮಿ. ಅದು ಸ್ವಂತದ್ದಾ, ಜನರದ್ದಾ ಅಂತ ಅಲ್ಲೇ ಜಗಳ ಇದೆ. ಹಾಗಿದ್ದ ಮೇಲೆ ಒಂದು ಕೋಟಿನ ಬೆಲೆ ಕೇಳೋದು ನ್ಯಾಯವಾದ ಪ್ರಶ್ನೆಯೇ. ರಾತ್ರಿಪಾಳಿ ಮೇಡಂ, ಬೆಲೆ ಹಾಕೋದು ನಿಲ್ಲಿಸಬೇಡಿ.

ಮತ್ತೆ ಕೆಲವು ಬಟ್ಟೆಗಳು ನಗು ಬರೋ ಹಾಗೇ ಇರುತ್ತವೆ. 2011ರಲ್ಲಿ ವಿಲಿಯಂ, ಕೇಟ್ ಮದುವೆಗೆ ವಿಲಿಯಂ ಚಿಕ್ಕಪ್ಪನ ಮಗಳು ಬಿಯಾಟ್ರಿಸ್ ಹಾಕಿಕೊಂಡು ಬಂದ ಟೋಪಿ ನೋಡಿ ನಗದವರು ಯಾರು?

---

ದಾವಣಗೆರೆ ಟೈಲರಮ್ಮ:

ಬ್ಲೌಸು, ಚೂಡಿದಾರ, ಮದುವೆ ಗೌನು ಎಲ್ಲ ಹೊಲಿಯುತ್ತೇನೆ. ಫೋನಿನಲ್ಲಿ ಫೋಟೊ ತಂದು "ಅಕ್ಕಾ, ಇದೇ ಥರ ಕುತ್ತಿಗೆ ಬೇಕು" ಅನ್ನೋರು ದಿನಾ ಬರುತ್ತಾರೆ. ಸಿನಿಮಾದವರ ಫೋಟೊ ಜಾಸ್ತಿ, ನಡುನಡುವೆ ಈ ರಾಜಕುಮಾರಿಯರದ್ದೂ. ಹಾಗಾಗಿ ಇವರ ಬಟ್ಟೆಗಳನ್ನು ನಾನು ಬೇರೆ ಕಣ್ಣಲ್ಲಿ ನೋಡಿದ್ದೀನಿ. ಹೊಲಿಗೆ ಎಲ್ಲಿ ಬಂದಿದೆ, ಲೈನಿಂಗ್ ಹಾಕಿದ್ದಾರಾ, ಡಾಟ್ ಎಲ್ಲಿಗೆ ನಿಂತಿದೆ.

ಓವಲ್ ಮೈದಾನದ ಮಾತು ಬಂತಲ್ಲ, ಅದರ ಮಾರನೇ ದಿನದ್ದು ಹೇಳ್ತೀನಿ. ದೆಹಲಿಯ ಇಂಡಿಯಾ ಗೇಟ್‌ನಲ್ಲಿ ಸತ್ತ ಸೈನಿಕರಿಗೆ ಹೂವಿನ ಚಕ್ರ ಇಡೋಕೆ ಬಂದಾಗ ಗಾಳಿ ಬೀಸಿ ಕೇಟ್ ಫ್ರಾಕು ಮೇಲೆ ಹಾರಿತು. ಅವರು ಎರಡೂ ಕೈಯಲ್ಲಿ ಒತ್ತಿ ಹಿಡಿದರು. ನಮ್ಮ ಪತ್ರಿಕೆಗಳೂ ಆ ಫೋಟೊ ಹಾಕಿದವು, ಲಂಡನ್ ಪತ್ರಿಕೆಗಳೂ ಹಾಕಿದವು. ಸೈನಿಕರ ಜಾಗದಲ್ಲಿ ತೆಗೆದ ಫೋಟೊ ಅದು. ಕ್ಯಾಮೆರಾದವರು ಎಷ್ಟೋ ಜನ ಇದ್ದರು, ಹೂವಿನ ಚಕ್ರ ಇಟ್ಟ ಫೋಟೊನೂ ಇತ್ತು. ಆಯ್ದಿದ್ದು ಇದನ್ನು.

ಟೈಲರ್ ಕಣ್ಣಿಗೆ ಅಲ್ಲಿ ಕಂಡಿದ್ದು ಒಂದೇ: ಅಂಚಿಗೆ ಭಾರ ಇಲ್ಲ. ರಾಣಿ ಎಲಿಜಬೆತ್ ಬಟ್ಟೆಯ ಮಡಿಕೆಯೊಳಗೆ ಸಣ್ಣ ಸೀಸದ ತುಂಡು ಇಟ್ಟು ಹೊಲಿಯುತ್ತಿದ್ದರು, ಪರದೆಗೆ ಹಾಕ್ತಾರಲ್ಲ ಅಂಥದ್ದು. ಎಷ್ಟು ಗಾಳಿ ಬಂದರೂ ಹಾರಲ್ಲ. ನಾವು ಸೀರೆಗೆ ಫಾಲ್ ಹಾಕೋದೂ ಅರ್ಧ ಅದಕ್ಕೇ, ತಳ ಕೂರಲಿ ಅಂತ. ಹಗುರ ಬಟ್ಟೆ, ಬಿಚ್ಚು ಘೇರು, ಮೇಲಿಂದ ಏಪ್ರಿಲ್ ದೆಹಲಿ ಗಾಳಿ. ಹಾರದೆ ಇನ್ನೇನು? ಈಗ ನೋಡಿ, ನಾನು ಹೇಳಿದ್ದೂ ಒಂದು ದೂರೇ. ಆದರೆ ಹೊಲಿಗೆ ಮೇಲಿನ ದೂರು, ಆಕೆ ಕಾಲಿನ ಮೇಲಲ್ಲ.

ವಿಲಿಯಂ ಅಮ್ಮ ಡಯಾನಾ ಬಟ್ಟೆಗಳ ವಿಷಯ ಎತ್ತಿದರೆ ನನಗೆ ಹೊಟ್ಟೆ ಉರಿಯುತ್ತೆ. ಮೊದಲು 1980ರ ಫೋಟೊ. ಇನ್ನೂ ನಿಶ್ಚಿತಾರ್ಥವೂ ಆಗಿಲ್ಲ, ಶಿಶುವಿಹಾರದಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಹುಡುಗಿ. ಫೋಟೊದವರು ಬಿಸಿಲಿಗೆ ಬೆನ್ನು ಮಾಡಿ ನಿಲ್ಲಿಸಿದರು. ಹತ್ತಿ ಲಂಗ, ಒಳಗೆ ಲೈನಿಂಗ್ ಇಲ್ಲ. ಬೆಳಕು ತೂರಿ ಕಾಲು ಪೂರ್ತಿ ಕಾಣಿಸಿತು. ಮಾರನೇ ದಿನ ಅದೇ ದೊಡ್ಡ ಸುದ್ದಿ. ಬೆಳಕು ಎಲ್ಲಿಂದ ಬರ್ತಿದೆ ಅಂತ ಆ ಹುಡುಗಿಗೆ ಗೊತ್ತಿರಲಿಲ್ಲ, ಕ್ಯಾಮೆರಾದವನಿಗೆ ಗೊತ್ತಿತ್ತು.

1981ರ ಮಾರ್ಚಿನಲ್ಲಿ ಮೊದಲ ಸಲ ಚಾರ್ಲ್ಸ್ ಜೊತೆ ಸಂಜೆ ಕಾರ್ಯಕ್ರಮಕ್ಕೆ ಹೋದರು, ಹೆಗಲಿಲ್ಲದ ಕಪ್ಪು ಗೌನು. ಕುತ್ತಿಗೆ ಆಳ ಆಯಿತು ಅಂತ ಒಂದು, ಕಪ್ಪು ಅಂದ್ರೆ ಸಾವಿನ ಮನೆ ಬಣ್ಣ, ಅರಮನೆಯವರು ಹಾಕಬಾರದು ಅಂತ ಇನ್ನೊಂದು. ಹತ್ತೊಂಬತ್ತು ವರ್ಷದ ಹುಡುಗಿ. ಅವತ್ತು ಮೊನಾಕೊದ ರಾಜಕುಮಾರಿ ಗ್ರೇಸ್ ಸಮಾಧಾನ ಮಾಡಿದರಂತೆ, ಅವರಿಗೂ ಇದೆಲ್ಲ ಗೊತ್ತಿದ್ದದ್ದೇ.

ಆಮೇಲೆ ಮದುವೆ ಗೌನು. 25 ಅಡಿ ಉದ್ದದ ಬಾಲ, ರೇಷ್ಮೆ ಟ್ಯಾಫೆಟಾ. ಆ ಬಟ್ಟೆ ಮಡಿಸಿದರೆ ಗೆರೆ ಬಿತ್ತು ಅಂತಲೇ ಲೆಕ್ಕ. ಅದನ್ನು ಗಾಜಿನ ಕುದುರೆಗಾಡಿಯಲ್ಲಿ ಅಪ್ಪನ ಪಕ್ಕ ತುರುಕಿದರು. ಇಳಿದಾಗ ಮುದ್ದೆಯಾಗಿತ್ತು, ಪ್ರಪಂಚ ಪೂರ್ತಿ ಟಿ.ವಿ.ಯಲ್ಲಿ ನೋಡಿತು. ಆ ಗೌನು ಹೊಲಿದವರು ಗಂಡ ಹೆಂಡತಿ, ಇಮ್ಯಾನುಯೆಲ್ ದಂಪತಿ. ಪ್ರತಿ ಫಿಟಿಂಗಿಗೂ ಸೊಂಟ ಸಣ್ಣಗಾಗುತ್ತಾ ಹೋಯಿತು, ಮತ್ತೆ ಮತ್ತೆ ಹಿಡಿಸಬೇಕಾಯಿತು. ಸೊಂಟದ ಮೇಲೆ ಕೈಯಿಟ್ಟು ಚಾರ್ಲ್ಸ್ ಇಲ್ಲಿ ಸ್ವಲ್ಪ ದಪ್ಪ ಅಂದರು, ಅಲ್ಲಿಂದ ಶುರುವಾಯಿತು ಅಂತ ಡಯಾನಾ ಆಮೇಲೆ ಹೇಳಿಕೊಂಡಿದ್ದಾರೆ. ತಿಂದದ್ದು ವಾಂತಿ ಮಾಡಿಕೊಳ್ಳುವ ಕಾಯಿಲೆ. 1995ರಲ್ಲಿ ಟಿ.ವಿ. ಮುಂದೆ ಕೂತೂ ಹೇಳಿದರು. ನಮ್ಮ ಕೆಲಸದಲ್ಲಿ ಇದು ಗೊತ್ತಾಗುತ್ತೆ. ಮದುವೆಗೆ ಮುಂಚೆ ಹುಡುಗಿಯರ ಅಳತೆ ಸ್ವಲ್ಪ ಇಳಿಯೋದು ಸಹಜ, ನಾವು ಮಾರ್ಜಿನ್ ಬಿಟ್ಟೇ ಕತ್ತರಿಸೋದು. ಆದರೆ ಕೆಲವರ ಅಳತೆ ಇಳಿಯೋ ರೀತಿ ನೋಡಿದರೆ ಇಂಚುಟೇಪು ಹಿಡಿದ ಕೈಗೇ ಭಯ ಆಗುತ್ತೆ. ಅವರಮ್ಮನನ್ನು ಪಕ್ಕಕ್ಕೆ ಕರೆದು ಮಾತಾಡಿದ್ದೂ ಉಂಟು. ಡಯಾನಾಗೆ ಆ ಹೊತ್ತಲ್ಲಿ ಪತ್ರಿಕೆಯವರು ಹೇಳಿದ್ದು ಏನು? ಎಷ್ಟು ಚೆನ್ನಾಗಿ ಸಣ್ಣಗಾದಳು ಅಂತ.

ಅತ್ತ ಅವರ ಓರಗಿತ್ತಿ ಸಾರಾ ಸಣ್ಣಗಾಗಲಿಲ್ಲ, ಅದಕ್ಕೆ ಡಚೆಸ್ ಆಫ್ ಯಾರ್ಕ್ ಅನ್ನುವ ಅವರ ಬಿರುದನ್ನೇ ತಿರುಚಿ, ಹಂದಿಮಾಂಸದ ಹೆಸರಿಟ್ಟು ಡಚೆಸ್ ಆಫ್ ಪೋರ್ಕ್ ಅಂತ ಕರೆದರು. ಒಂದೇ ಮನೆಗೆ ಬಂದ ಇಬ್ಬರು ಸೊಸೆಯರು.

ಗಂಡಸರ ಬಟ್ಟೆ? ಈಗಿನ ರಾಜ ಚಾರ್ಲ್ಸ್ ಅವರ ಹಳೇ ಕೋಟುಗಳಿಗೆ ತೇಪೆ ಹಾಕಿದ ಫೋಟೊ ನೋಡಿದ್ದೀನಿ, ಚೆನ್ನಾಗೇ ಹಾಕಿದ್ದಾರೆ. 1984ರಲ್ಲಿ ಹೊಲಿಸಿದ ಸೂಟನ್ನೇ 2018ರಲ್ಲಿ ಮಗನ ಮದುವೆಗೂ ಹಾಕಿದರು. ಅದಕ್ಕೆ ಪರಿಸರಪ್ರೇಮಿ ಅಂತ ಹೊಗಳಿಕೆ. ಕೇಟ್ ಒಂದು ಕೋಟು ಎರಡನೇ ಸಲ ಹಾಕಿದರೆ "ಮತ್ತೆ ಅದೇ" ಅಂತ ಪಕ್ಕಪಕ್ಕ ಎರಡು ಫೋಟೊ. ನಮ್ಮಲ್ಲಿ ಮದುವೆ ಮನೆ ಊಟದ ಪಂಕ್ತಿಯಲ್ಲಿ ಕೂತು "ಇದೇ ಸೀರೆ ಅಲ್ವಾ ಗೃಹಪ್ರವೇಶಕ್ಕೂ ಉಟ್ಟಿದ್ದು" ಅಂತಾರಲ್ಲ, ಅದು ಪ್ರಿಂಟ್ ಆಗಿ ಬರುತ್ತೆ ಅಷ್ಟೇ. ಚಾರ್ಲ್ಸ್ ತಂಗಿ ಆನ್ ಮಾತ್ರ ಯಾರಿಗೂ ಕ್ಯಾರೇ ಅನ್ನಲಿಲ್ಲ. 1981ರಲ್ಲಿ ಅಣ್ಣನ ಮದುವೆಗೆ ಹಾಕಿದ ಹೂವಿನ ಫ್ರಾಕನ್ನೇ 2008ರಲ್ಲಿ ಇನ್ನೊಂದು ಮದುವೆಗೆ ಹಾಕಿಕೊಂಡು ಹೋದರು. ಅಳತೆ ಹಾಗೇ ಕೂತಿತ್ತು! ಆ ಫ್ರಾಕು ಹೊಲಿದವರ ಕೈಗೆ ನಮಸ್ಕಾರ.

ನಿಮ್ಮ ಪ್ರಶ್ನೆಗೆ ನನ್ನ ಹತ್ತಿರ ಒಂದು ಉಪಾಯ ಇದೆ. ಆ ಬಟ್ಟೆ ಹ್ಯಾಂಗರ್‌ನಲ್ಲಿ ತೂಗುಹಾಕಿದೆ ಅಂದುಕೊಳ್ಳಿ, ಒಳಗೆ ಯಾರೂ ಇಲ್ಲ. ನೀವು ಬರೆಯಬೇಕು ಅಂತಿರೋ ಮಾತನ್ನು ಆಗಲೂ ಹೇಳೋಕೆ ಆಗುತ್ತಾ? ಬಣ್ಣ, ಬೆಲೆ, ಬಟ್ಟೆ, ಕುತ್ತಿಗೆ, ಯಾರು ಹೊಲಿದರು, ದುಡ್ಡು ಯಾರದ್ದು, ಇದೆಲ್ಲ ಹೇಳಬಹುದು. ಹೊಟ್ಟೆ, ಕಾಲು, ಕೂದಲು, ಹೆರಿಗೆ ಆದ ಮೇಲೆ ಏನಾಯಿತು, ಅದು ಹೇಳೋಕೆ ಆಗಲ್ಲ. ನನ್ನ ಅಂಗಡಿಯಲ್ಲಿ ಕೆಲಸ ಕಲಿಯೋಕೆ ಬಂದ ಹುಡುಗಿಯರಿಗೂ ಇದನ್ನೇ ಹೇಳೋದು. ಗಿರಾಕಿ ಮುಂದೆ ಬಟ್ಟೆಯ ಮಾತು ಎಷ್ಟು ಬೇಕಾದರೂ ಆಡಿ. "ಅಕ್ಕಾ, ತೋಳು ದಪ್ಪ ಆಗಿದೆ" ಅನ್ನಬೇಡಿ, "ತೋಳು ಅರ್ಧ ಇಂಚು ಬಿಡ್ತೀನಿ" ಅನ್ನಿ.

---

ನಿವೃತ್ತ ಮೇಷ್ಟ್ರು, ಧಾರವಾಡ:

ಟೈಲರಮ್ಮನವರ ಹ್ಯಾಂಗರ್ ಲೆಕ್ಕ ಚೆನ್ನಾಗಿದೆ. ಆದರೆ ಖಾಲಿ ಬಟ್ಟೆಯೂ ಒಬ್ಬ ರಾಣಿಗೆ ಎಷ್ಟು ದುಬಾರಿಯಾಯಿತು ನೋಡಿರಿ.

ಫ್ರಾನ್ಸಿನ ಮೇರಿ ಆಂಟ್ವನೆಟ್. ಮೊದಲು ಆಕೆಯ ಮೇಲಿದ್ದ ದೂರು ದುಂದಿನದು. ತಲೆ ಮೇಲೆ ಗೋಪುರದ ಹಾಗೆ ಕೂದಲು, ಕಂಡಕಂಡ ರೇಷ್ಮೆ. ಆಕೆಗೂ ಸಾಕೆನಿಸಿತೋ ಏನೋ, ತೆಳು ಬಿಳಿ ಮಸ್ಲಿನ್ ಬಟ್ಟೆಗೆ ಇಳಿದಳು. ಸೊಂಟಕ್ಕೊಂದು ಪಟ್ಟಿ, ತಲೆಗೆ ಹುಲ್ಲಿನ ಟೋಪಿ. 1783ರಲ್ಲಿ ವಿಜೆ ಲೆಬ್ರಾಂ ಎಂಬ ಚಿತ್ರಕಾರ್ತಿ ಹಾಗೇ ಚಿತ್ರ ಬರೆದು ಪ್ಯಾರಿಸ್ಸಿನ ಪ್ರದರ್ಶನಕ್ಕೆ ಇಟ್ಟಳು. ರಾಣಿ ಒಳಂಗಿಯಲ್ಲಿ ಕೂತಿದ್ದಾಳೆ ಅಂತ ಜನ ರಂಪ ಮಾಡಿದರು. ಚಿತ್ರ ಇಳಿಸಬೇಕಾಯಿತು. ಅದೇ ಭಂಗಿ, ಅದೇ ಕೈಯಲ್ಲಿ ಗುಲಾಬಿ, ಮೈಮೇಲೆ ಮಾತ್ರ ರೇಷ್ಮೆ, ಹೀಗೆ ಇನ್ನೊಂದು ಬರೆದು ತೂಗುಹಾಕಿದರು.

ನನಗೆ ಇದರಲ್ಲಿ ರುಚಿ ಅನಿಸುವುದು ವ್ಯಾಪಾರದ ಎಳೆ. ಮಸ್ಲಿನ್ ಅಂದರೆ ನಮ್ಮ ಕಡೆಯ ಮಾಲು, ಬಂಗಾಳದ ನೇಕಾರರ ಹತ್ತಿ. ಅದು ಯುರೋಪಿಗೆ ಹೋಗುತ್ತಿದ್ದುದರಲ್ಲಿ ಇಂಗ್ಲಿಷರ ಕೈ ದೊಡ್ಡದು. ರಾಣಿ ರೇಷ್ಮೆ ಬಿಟ್ಟರೆ ಲಿಯಾನ್ ಊರಿನ ರೇಷ್ಮೆ ನೇಕಾರರ ಹೊಟ್ಟೆ ಮೇಲೆ ಹೊಡೆದ ಹಾಗೆ ಅಂತ ಕೂಗೆದ್ದಿತು. ದುಬಾರಿ ಉಟ್ಟಾಗ ಖಜಾನೆ ಖಾಲಿ ಮಾಡಿದಳು, ಸರಳ ಉಟ್ಟಾಗ ನೇಕಾರರನ್ನು ಕೊಂದಳು. ಮರುವರ್ಷ ಒಂದು ವಜ್ರದ ಹಾರದ ಮೋಸಕ್ಕೆ ರಾಣಿಯ ವೇಷ ಹಾಕಿಸಿ ಒಬ್ಬಳನ್ನು ರಾತ್ರಿ ವರ್ಸೇಲ್ಸ್ ಅರಮನೆಯ ತೋಟದಲ್ಲಿ ನಿಲ್ಲಿಸಿದರಲ್ಲ, ಅವಳಿಗೂ ಹಾಕಿಸಿದ್ದು ಇಂಥದ್ದೇ ಬಿಳಿ ಮಸ್ಲಿನ್. ಕತ್ತಲಲ್ಲಿ ಅವಳೇ ರಾಣಿ ಅಂತ ನಂಬಿಸಲು ಅಷ್ಟು ಸಾಕಾಯಿತು.

ಇನ್ನು 1947ರ ನವೆಂಬರ್. ಎಲಿಜಬೆತ್ ಮದುವೆ. ಯುದ್ಧ ಮುಗಿದರೂ ಬ್ರಿಟನ್ನಿನಲ್ಲಿ ಬಟ್ಟೆಗೆ ರೇಷನ್. ವಧುವಿಗೆ ಸರ್ಕಾರ 200 ಕೂಪನ್ ಹೆಚ್ಚಿಗೆ ಕೊಟ್ಟಿತು. ಎಷ್ಟೋ ಹೆಣ್ಣುಮಕ್ಕಳು ತಮ್ಮ ಕೂಪನ್ನೇ ಅಂಚೆಯಲ್ಲಿ ಕಳಿಸಿದರು. ಬೇರೆಯವರ ಕೂಪನ್ ಬಳಸುವುದು ಕಾನೂನಿಗೆ ವಿರುದ್ಧ, ಎಲ್ಲಾ ವಾಪಸ್ ಹೋದವು. ಅಷ್ಟಾದರೂ ಬಿಡಲಿಲ್ಲ. ಗೌನಿನ ರೇಷ್ಮೆ ಯಾವ ದೇಶದ ಹುಳುವಿನದು ಅಂತ ಪ್ರಶ್ನೆ ಎದ್ದಿತು. ಜಪಾನಿನದೋ ಇಟಲಿಯದೋ ಆದರೆ ಅದು ಶತ್ರುವಿನ ಹುಳು! ಹುಳು ಚೀನಾದ್ದು ಅಂತ ವಿನ್ಯಾಸಕಾರ ಹಾರ್ಟ್‌ನೆಲ್ ವಿವರಣೆ ಕೊಡಬೇಕಾಯಿತು. ರಾಮನಗರದ ಗೂಡಿನ ಮಾರುಕಟ್ಟೆಯಲ್ಲೂ ಇಷ್ಟು ವಿಚಾರಣೆ ನಡೆಯುವುದಿಲ್ಲ.

---

ಶಿರ್ವದ ಹತ್ತಿರದವಳು:

ಒಂದು ವಿಷಯ ಯಾರೂ ಹೇಳಲಿಲ್ಲ, ನಮ್ಮ ಊರಿನ ಕಡೆಯದ್ದು ಅಂತ ನಾನು ಹೇಳುತ್ತೇನೆ.

2012ರ ಡಿಸೆಂಬರ್‌ನಲ್ಲಿ ಕೇಟ್‌ಗೆ ಬಸಿರಿನ ವಾಂತಿ ಜಾಸ್ತಿಯಾಗಿ ಲಂಡನ್ನಿನ ಆಸ್ಪತ್ರೆ ಸೇರಿದ್ದರು. ಆಸ್ಟ್ರೇಲಿಯಾದ ರೇಡಿಯೊದವರಿಬ್ಬರು ರಾಣಿ, ಚಾರ್ಲ್ಸ್ ಅಂತ ಸುಳ್ಳು ಹೇಳಿ ಫೋನ್ ಮಾಡಿದರು, ತಮಾಷೆಗೆ. ಬೆಳಗಿನ ಜಾವ ರಿಸೆಪ್ಷನ್‌ನಲ್ಲಿ ಯಾರೂ ಇರಲಿಲ್ಲ. ಫೋನ್ ಎತ್ತಿ ವಾರ್ಡಿಗೆ ಕೊಟ್ಟ ನರ್ಸ್ ನಮ್ಮ ಕರಾವಳಿಯ ಹೆಂಗಸು, ಉಡುಪಿಯ ಶಿರ್ವದ ಸೊಸೆ. ವಾರ್ಡಿನಲ್ಲಿದ್ದ ಇನ್ನೊಬ್ಬ ನರ್ಸ್ ಕೇಟ್ ಹೇಗಿದ್ದಾರೆ ಅಂತ ಹೇಳಿದರು. ಅದನ್ನು ರೇಡಿಯೊದಲ್ಲಿ ಹಾಕಿದರು, ಪ್ರಪಂಚ ಪೂರ್ತಿ ನಕ್ಕಿತು. ಕೆಲವೇ ದಿನದಲ್ಲಿ ಫೋನ್ ಎತ್ತಿದ ನರ್ಸ್ ಜೀವ ಕಳೆದುಕೊಂಡರು. ಹೆಸರು ಇಲ್ಲಿ ಬೇಡ. ಶಿರ್ವದ ಚರ್ಚಿನಲ್ಲಿ ಮಣ್ಣಾಯಿತು. ನಮ್ಮ ಮನೆಯವರು ಹೋಗಿದ್ದರು. ಇಲ್ಲಿಗೂ ಟಿ.ವಿ. ಕ್ಯಾಮೆರಾಗಳು ಬಂದಿದ್ದವು.

ಒಬ್ಬ ರಾಜಕುಮಾರಿಗೆ ಎಷ್ಟು ಸಲ ವಾಂತಿಯಾಯಿತು ಅಂತ ತಿಳಿದುಕೊಂಡು ಯಾರಿಗೆ ಏನಾಗಬೇಕಿತ್ತು?

---

ಸುಮ್ನಿರಲ್ಲ:

ಶಿರ್ವದವರ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ.

ಹ್ಯಾಂಗರ್ ಉಪಾಯ ಒಪ್ಪುತ್ತೇನೆ, ಒಂದು ತಿದ್ದುಪಡಿಯ ಜೊತೆ. ಬೆಲೆ ಬರೆಯುವಾಗ ಹೆಂಗಸಿನದ್ದು ಮಾತ್ರ ಬರೆಯಬೇಡಿ. ಪಕ್ಕದಲ್ಲಿ ನಿಂತ ಗಂಡಸಿನ ಸೂಟಿನ ಬೆಲೆಯನ್ನೂ ಹಾಕಿ. ಲಂಡನ್ನಿನಲ್ಲಿ ಅಳತೆ ಕೊಟ್ಟು ಹೊಲಿಸಿದ ಸೂಟು ಅಗ್ಗವಲ್ಲ. ವಿಲಿಯಂ ವಾಚಿನ ಬೆಲೆ ಕನ್ನಡದಲ್ಲಿ ಯಾರಾದರೂ ಬರೆದಿದ್ದಾರಾ?

---

ರಾತ್ರಿಪಾಳಿ:

ಎಲ್ಲರಿಗೂ ಥ್ಯಾಂಕ್ಸ್. ಇಷ್ಟು ಬರುತ್ತೆ ಅಂದುಕೊಂಡಿರಲಿಲ್ಲ. ಶಿರ್ವದವರೇ, ನಿಮ್ಮದನ್ನು ಎರಡು ಸಲ ಓದಿದೆ. ಆ ಹೊತ್ತಿಗೆ ನಾನಿನ್ನೂ ಕಾಲೇಜಿನಲ್ಲಿದ್ದೆ, ಆ ರೇಡಿಯೊ ತುಣುಕನ್ನು ನಮ್ಮ ಹಾಸ್ಟೆಲ್‌ನಲ್ಲೂ ಹಾಕಿ ಕೇಳಿದ್ದರು.

ಟೈಲರಮ್ಮ ಅಕ್ಕಾ, ನಿಮ್ಮ ಹ್ಯಾಂಗರ್ ಇವತ್ತೇ ಬಳಸಿದೆ. ಕೇಟ್ ಫೋಟೊ ಬಂದಿತ್ತು, ಹಸಿರು ಕೋಟು. ಹೆಡ್ಡಿಂಗ್‌ನಲ್ಲಿ "ಸಣ್ಣಗಾದರಾ?" ಅಂತ ಇತ್ತು. ತೆಗೆದು ಕೋಟಿನ ಬಗ್ಗೆ ನಾಲ್ಕು ಸಾಲು ಬರೆದೆ, ಕಾಲರ್, ಗುಂಡಿ, ಹಿಂದೆ ಯಾವಾಗ ಹಾಕಿದ್ದರು ಅಂತ. ಮೇಲಿನವರು ನೋಡಿ, ಇದರಲ್ಲಿ ಮಸಾಲೆ ಎಲ್ಲಿ ಅಂದರು. ವಿಲಿಯಂ ವಾಚಿನ ಬೆಲೆ ಸೇರಿಸುತ್ತೇನೆ ಅಂದೆ. ಅದಕ್ಕೆ ಒಪ್ಪಿದ್ದಾರೆ! ಸುಮ್ನಿರಲ್ಲ ಸರ್, ಹೊಣೆ ನಿಮ್ಮದು.

ಒಂದು ಅನುಮಾನ ಉಳಿದಿದೆ. ಬಿಯಾಟ್ರಿಸ್ ಟೋಪಿ ನೋಡಿ ನಗಬಹುದಾ?

---

ದಾವಣಗೆರೆ ಟೈಲರಮ್ಮ:

ಧಾರಾಳವಾಗಿ ನಗಿ ತಂಗಿ. ಟೋಪಿ ಹ್ಯಾಂಗರ್‌ಗೆ ಹಾಕಿದರೂ ಹಾಗೇ ಇರುತ್ತೆ. ಎಲ್ಲರೂ ನಕ್ಕ ಮೇಲೆ ಆ ಹುಡುಗಿ ಅದನ್ನು ಇಬೇನಲ್ಲಿ ಹರಾಜು ಹಾಕಿ 81,100 ಪೌಂಡ್ ಎಬ್ಬಿಸಿ ಮಕ್ಕಳ ಸಂಸ್ಥೆಗಳಿಗೆ ಕೊಟ್ಟಳು. ನನ್ನ ಅಂಗಡಿಯಲ್ಲಿ ಬೇಡ ಅಂತ ಬಿಟ್ಟುಹೋದ ಬ್ಲೌಸುಗಳ ಒಂದು ಚೀಲವೇ ಇದೆ, ಯಾರೂ ಐವತ್ತು ರೂಪಾಯಿಗೂ ಕೇಳಲ್ಲ.